ಹಳೆ ಮಸ್ಟಾಂಗ್‌ಗೆ ಬ್ರೇಕ್, ಸಸ್ಪೆನ್ಷನ್ ಸುಧಾರಣೆ: ಯಾವುದು ಮೊದಲು, ಯಾವುದು ಆಮೇಲೆ

1965 ಅಥವಾ 66ರ ಫೋರ್ಡ್ ಮಸ್ಟಾಂಗ್ ಕೊಂಡವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಎಂಜಿನ್‌ಗೆ. ದೊಡ್ಡ ಕಾರ್ಬ್ಯುರೇಟರ್, ಹೊಸ ಕ್ಯಾಮ್, ಜೋರು ಸದ್ದಿನ ಎಕ್ಸಾಸ್ಟ್. ಆದರೆ 289 ಕ್ಯುಬಿಕ್ ಇಂಚಿನ ವಿ8 ಎಂಜಿನ್ ಇದ್ದ ಹಾಗೇ ಇದ್ದರೂ ಇವತ್ತಿನ ಹೈವೇಗೆ ಧಾರಾಳವಾಗಿ ಸಾಕು. ಸಾಲದೇ ಇರುವುದು ಕಾರನ್ನು ನಿಲ್ಲಿಸುವ ಮತ್ತು ತಿರುಗಿಸುವ ಭಾಗಗಳು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಭಾಗ), ಒಣಗಿ ಬಿರುಕು ಬಿಟ್ಟ ರಬ್ಬರ್ ಬುಷ್‌ಗಳು. ಎಂಜಿನ್‌ಗೆ ಎತ್ತಿಟ್ಟ ದುಡ್ಡನ್ನು ದಯವಿಟ್ಟು ಮೊದಲು ಇಲ್ಲಿಗೆ ತಿರುಗಿಸಿ.

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಇಂಥದೊಂದು ಕಾರು ಗ್ಯಾರೇಜಿನಲ್ಲಿ ಇದ್ದರೆ, ಅಥವಾ ಕೊಳ್ಳುವ ಆಸೆ ಇದ್ದರೆ, ಈ ಬರಹ ನಿಮಗೆ. ಕ್ಯಾಮರೋ, ನೋವಾ ಇರುವವರೂ ಓದಬಹುದು. ಯೋಚಿಸುವ ದಾರಿ ಅದೇ, ಅಳತೆಗಳು ಮಾತ್ರ ಬೇರೆ.

ನನ್ನ ಕ್ರಮ ಹೀಗಿದೆ: ಮೊದಲು ಬ್ರೇಕ್. ಆಮೇಲೆ ಸವೆದ ಭಾಗಗಳು. ಆಮೇಲೆ ಮುಂದಿನ ಚಕ್ರವನ್ನು ಕಾರಿಗೆ ಹಿಡಿದಿಡುವ ಮೇಲಿನ ಆರ್ಮ್‌ನ ಜಾಗ ಬದಲಾವಣೆ. ಸ್ಪ್ರಿಂಗ್ ಮತ್ತು ಶಾಕ್ ಅದಾದ ಮೇಲೆ. ಸ್ಪ್ರಿಂಗ್, ಶಾಕ್ ಒಂದಾಗಿ ಬರುವ ಸಾವಿರಾರು ಡಾಲರಿನ ಕಾಯಿಲ್‌ಓವರ್ ಕಿಟ್ ನೋಡಿ ಮನಸ್ಸು ಹರಿಯುವುದು ಸಹಜ. ಆದರೆ ಈ ಕಾರಿನಲ್ಲಿ ಜಾಸ್ತಿ ಫಲ ಕೊಡುವ ಕೆಲಸಗಳು ಕಡಿಮೆ ಖರ್ಚಿನವು.

ನಿಮ್ಮ ಕಾರು ಯಾವುದು ಅಂತ ಖಚಿತ ಮಾಡಿಕೊಳ್ಳಿ

ಬಾನೆಟ್ ಎತ್ತಿ, ಚಾಲಕನ ಬದಿಯ ಒಳ ಫೆಂಡರ್ ಮೇಲೆ ಒತ್ತಿರುವ ನಂಬರ್ ನೋಡಿ. ಐದನೇ ಅಕ್ಷರ ಎಂಜಿನ್ ಹೇಳುತ್ತದೆ. 'ಟಿ' ಇದ್ದರೆ 200 ಕ್ಯುಬಿಕ್ ಇಂಚಿನ ಆರು ಸಿಲಿಂಡರ್. 'ಸಿ' ಇದ್ದರೆ ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 289, 'ಎ' ಇದ್ದರೆ ನಾಲ್ಕು ಬ್ಯಾರೆಲ್‌ನದ್ದು, 'ಕೆ' ಇದ್ದರೆ ಹೈ ಪರ್ಫಾರ್ಮೆನ್ಸ್ 289.

ಆದರೆ ನಂಬರನ್ನಷ್ಟೇ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಎಷ್ಟೋ ಕಾರುಗಳ ಎಂಜಿನ್ ಬದಲಾಗಿದೆ. ಚಕ್ರದ ನಟ್ಟು ಎಣಿಸಿ. ಆರು ಸಿಲಿಂಡರ್ ಕಾರಿಗೆ ಫ್ಯಾಕ್ಟರಿಯಿಂದ ಬಂದದ್ದು ನಾಲ್ಕು ನಟ್ಟಿನ ಚಕ್ರ, 9 ಇಂಚಿನ ಡ್ರಮ್, ಸಣ್ಣ ಸ್ಪಿಂಡಲ್ (ಮುಂದಿನ ಚಕ್ರ ತಿರುಗುವ ಗೂಟ), ಸಣ್ಣ ಹಿಂದಿನ ಆಕ್ಸಲ್. ವಿ8 ಕಾರಿಗೆ ಐದು ನಟ್ಟು, 10 ಇಂಚಿನ ಡ್ರಮ್. ಕೆಳಗೆ ನಾಲ್ಕು ನಟ್ಟು, ಮೇಲೆ ವಿ8 ಎಂಜಿನ್ ಕಂಡರೆ ಯಾರೋ ಅರ್ಧ ಕೆಲಸ ಮಾಡಿ ಮಾರಿದ್ದಾರೆ ಅಂತಲೇ ಅರ್ಥ. ಅಂಥ ಕಾರಿಗೆ ವಿ8 ಸ್ಪಿಂಡಲ್, ವಿ8 ಟೈ ರಾಡ್, 8 ಇಂಚಿನ ಹಿಂದಿನ ಆಕ್ಸಲ್ ಬರುವವರೆಗೆ ಬೇರೆ ಯಾವ ಕಿಟ್ಟನ್ನೂ ಕೊಳ್ಳಬೇಡಿ.

ಆಮೇಲೆ ತುಕ್ಕು. ಕಾರನ್ನು ಗಟ್ಟಿ ನೆಲದ ಮೇಲೆ ಜ್ಯಾಕ್ ಸ್ಟ್ಯಾಂಡ್‌ಗಳಲ್ಲಿ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬಾರದು. ಬ್ಯಾಟರಿ ಕೂರುವುದು ಬಲಗಡೆ ಮುಂದೆ. ಅದರ ಆಸಿಡ್ ಸೋರಿ ಕೆಳಗಿನ ತಗಡು, ಪಕ್ಕದ ಫ್ರೇಮ್ ರೈಲ್ ತಿಂದುಹೋಗಿರುತ್ತದೆ. ಶಾಕ್ ಟವರ್‌ಗಳ (ಮುಂದಿನ ಸ್ಪ್ರಿಂಗ್, ಶಾಕ್ ಕೂರುವ ತಗಡಿನ ಗೂಡುಗಳ) ಬೆಸುಗೆ ಗೆರೆ, ಮೇಲಿನ ಆರ್ಮ್ ಕೂರುವ ಜಾಗ, ಇಲ್ಲೆಲ್ಲ ವೈರ್ ಬ್ರಷ್ ಹಾಕಿ ಉಜ್ಜಿ ಬಿರುಕು ಹುಡುಕಿ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಇಡೀ ಭಾರ ಹೊರುವುದು ಆ ಟವರ್‌ಗಳೇ. ಬಿರುಕು ಸಿಕ್ಕರೆ ಮೊದಲು ಒಳ್ಳೆಯ ವೆಲ್ಡರ್ ಹತ್ತಿರ ಹೋಗಿ.

ಇನ್ನೊಂದು ಎಚ್ಚರಿಕೆ. ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದಾಗ ಒಳಗಿನ ಪುಡಿಯನ್ನು ಏರ್ ಹೋಸ್‌ನಿಂದ ಊದಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಬ್ರೇಕ್: ಮಾಸ್ಟರ್ ಸಿಲಿಂಡರ್‌ನಿಂದ ಶುರು ಮಾಡಿ

ಎಲ್ಲರೂ ಡಿಸ್ಕ್ ಬಗ್ಗೆ ಮಾತಾಡುತ್ತಾರೆ. ನಾನು ಮಾಸ್ಟರ್ ಸಿಲಿಂಡರ್‌ನಿಂದ ಶುರು ಮಾಡುತ್ತೇನೆ. 1965-66ರ ಮಸ್ಟಾಂಗ್‌ನಲ್ಲಿ ಇರುವುದು ಒಂದೇ ಕೋಣೆಯ ಸಿಲಿಂಡರ್. ನಾಲ್ಕು ಚಕ್ರಕ್ಕೂ ಅದೇ ಎಣ್ಣೆ, ಅದೇ ಒತ್ತಡ. ಎಲ್ಲೋ ಹಿಂದೆ ಒಂದು ಹೋಸ್ ಒಡೆದರೆ ಸಾಕು, ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. 1967ರ ಮಸ್ಟಾಂಗ್‌ಗೆ ಫೋರ್ಡ್ ಎರಡು ಕೋಣೆಯದ್ದನ್ನು ಹಾಕಿತು. ಅದರಲ್ಲಿ ಮುಂದಿನ ಸಾಲು ಹೋದರೂ ಹಿಂದಿನದ್ದು ಉಳಿಯುತ್ತದೆ. ನೀವು ಡ್ರಮ್‌ಗಳನ್ನೇ ಉಳಿಸಿಕೊಳ್ಳುವುದಾದರೂ ಪರವಾಗಿಲ್ಲ, ಈ ಒಂದು ಬದಲಾವಣೆ ಬಿಡಬೇಡಿ.

ಹಳೆ ಸಿಲಿಂಡರ್‌ನಿಂದ ಒಂದೇ ಪೈಪ್ ಇಳಿದು ಹಿತ್ತಾಳೆಯ ಬ್ಲಾಕ್‌ಗೆ ಹೋಗುತ್ತದೆ. ಅಲ್ಲಿಂದ ಎರಡು ಮುಂದಿನ ಚಕ್ರಕ್ಕೆ, ಒಂದು ಹಿಂದಕ್ಕೆ. ಎರಡು ಕೋಣೆಯದ್ದು ಹಾಕುವಾಗ ಬ್ಲಾಕ್‌ನಲ್ಲಿ ಹಿಂದಕ್ಕೆ ಹೋಗುವ ಬಾಯಿ ಮುಚ್ಚಿ, ಹಿಂದಿನ ಪೈಪನ್ನು ಹೊಸ ಸಿಲಿಂಡರ್‌ನ ಹಿಂದಿನ ಬ್ರೇಕಿನ ಕೋಣೆಗೆ ಬೇರೆಯಾಗಿ ಜೋಡಿಸಬೇಕು. ಯಾವ ಬಾಯಿ ಯಾವ ಬ್ರೇಕಿಗೆ ಅನ್ನುವುದು ಸಿಲಿಂಡರ್ ಮಾಡಿದವರ ಚೀಟಿಯಲ್ಲಿ ಇರುತ್ತದೆ. ಊಹೆ ಬೇಡ.

ಈಗ ಡಿಸ್ಕ್. ಹಿಂದೆ ಡ್ರಮ್ ಇರಲಿ, ಮುಂದೆ ಡಿಸ್ಕ್ ಹಾಕಿ. ಜೋರಾಗಿ ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ಗಳದ್ದೇ. ಹಿಂದಿನ 10 ಇಂಚಿನ ಡ್ರಮ್ ಸುಸ್ಥಿತಿಯಲ್ಲಿದ್ದರೆ ಬೀದಿ ಓಡಾಟಕ್ಕೆ ಸಾಕು, ಹ್ಯಾಂಡ್‌ಬ್ರೇಕ್ ಕೂಡ ಹಾಗೇ ಉಳಿಯುತ್ತದೆ. ಮುಂದಕ್ಕೆ ಎರಡು ದಾರಿ ಇವೆ. ಒಂದು, ಆ ಕಾಲದಲ್ಲಿ ಫೋರ್ಡ್ ಆಯ್ಕೆಯಾಗಿ ಕೊಡುತ್ತಿದ್ದ ಕೆಲ್ಸಿ-ಹೇಯ್ಸ್ ಮಾದರಿಯ ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ). 1965ರ ಏಪ್ರಿಲ್‌ನಲ್ಲಿ ಬಂದ ಜಿಟಿ ಪ್ಯಾಕೇಜ್‌ನಲ್ಲಿ ಇದ್ದದ್ದು ಇದೇ. ಸುಮಾರು 11 ಇಂಚಿನ ರೋಟರ್ (ಅಂದರೆ ಡಿಸ್ಕ್), ಕಾರಿನ ಮೂಲ ರೂಪಕ್ಕೂ ಒಪ್ಪುತ್ತದೆ. ಹೊಸದಾಗಿ ತಯಾರಾದ ಕಿಟ್‌ಗಳು ಸುಲಭವಾಗಿ ಸಿಗುತ್ತವೆ. ಇನ್ನೊಂದು, 12 ಇಂಚು ಮತ್ತು ಅದಕ್ಕೂ ದೊಡ್ಡ ಆಧುನಿಕ ಕಿಟ್. ಅದಕ್ಕೆ ಸಾಮಾನ್ಯವಾಗಿ 16 ಅಥವಾ 17 ಇಂಚಿನ ಚಕ್ರ ಬೇಕು. 14 ಇಂಚಿನ ಹಳೆ ಸ್ಟೀಲ್ ಚಕ್ರ ಮೊದಲ ಕಿಟ್ಟಿಗೂ ತಾಗಬಹುದು. ಕೊಳ್ಳುವ ಮೊದಲು ಮಾರುವವರಿಂದ ಚಕ್ರದ ಟೆಂಪ್ಲೇಟ್ ತರಿಸಿಕೊಂಡು, ಕತ್ತರಿಸಿ, ಚಕ್ರದೊಳಗೆ ಹಿಡಿದು ನೋಡಿ. ಹತ್ತು ನಿಮಿಷದ ಕೆಲಸ ಅಷ್ಟೇ.

70ರ ದಶಕದ ಫೋರ್ಡ್ ಗ್ರನಾಡಾ ಕಾರಿನ ಸ್ಪಿಂಡಲ್ ಮತ್ತು ಡಿಸ್ಕ್ ತಂದು ಹಾಕುವುದು ಹಳೆಯ ಅಗ್ಗದ ದಾರಿ. ನಾನು ಶಿಫಾರಸು ಮಾಡುವುದಿಲ್ಲ. ಸ್ಟೀರಿಂಗ್ ಆರ್ಮ್‌ನ ಜಾಗ ಬೇರೆ ಇರುವುದರಿಂದ ಗುಂಡಿ ಹತ್ತಿ ಇಳಿದಾಗ ಚಕ್ರ ತಾನಾಗಿ ತಿರುಗುವ ಕಾಟ ಶುರುವಾಗುತ್ತದೆ.

ಪವರ್ ಬ್ರೇಕ್ ಬೇಕಾ? ಡ್ರಮ್‌ನಲ್ಲಿ ಶೂಗಳು ಡ್ರಮ್ ಜೊತೆ ತಿರುಗಲು ಹೋಗಿ ತಾವೇ ಇನ್ನಷ್ಟು ಒತ್ತಿಕೊಳ್ಳುತ್ತವೆ. ಡಿಸ್ಕ್‌ಗೆ ಆ ಸಹಾಯ ಇಲ್ಲ, ಕಾಲು ಜಾಸ್ತಿ ಒತ್ತಬೇಕು. ಆದರೂ ಕಾರು ಸುಮಾರು 1,300 ಕಿಲೋ ಅಷ್ಟೇ. ಸರಿಯಾದ ಸಿಲಿಂಡರ್ ಹಾಕಿದರೆ ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿಗೆ ನೆರವಾಗುವ ಡಬ್ಬಿ) ಇಲ್ಲದೆಯೂ ಚೆನ್ನಾಗಿ ನಿಲ್ಲುತ್ತದೆ. ಸಿಲಿಂಡರಿನ ಒಳ ವ್ಯಾಸ 1 ಇಂಚಿನಿಂದ 15/16 ಇಂಚಿಗೆ ಇಳಿಸಿದರೆ ಅದೇ ಒತ್ತಿಗೆ ಸುಮಾರು ಶೇ 14ರಷ್ಟು ಜಾಸ್ತಿ ಒತ್ತಡ ಸಿಗುತ್ತದೆ. ಪೆಡಲ್ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ, ಅಷ್ಟೇ. ಬೂಸ್ಟರ್ ಬೇಕೇ ಬೇಕು ಅಂದರೆ ಮೊದಲು ಎಂಜಿನ್ನಿನ ವ್ಯಾಕ್ಯೂಮ್ ಅಳೆಯಿರಿ. ಐಡಲ್‌ನಲ್ಲಿ ಪಾದರಸದ 18 ಇಂಚಿನ ಆಸುಪಾಸು ಇರಬೇಕು. ಜೋರು ಕ್ಯಾಮ್ ಹಾಕಿದ ಎಂಜಿನ್ನಿನಲ್ಲಿ ಅಷ್ಟು ಸಿಗುವುದಿಲ್ಲ. ಆಗ ಬೂಸ್ಟರ್ ಇದ್ದೂ ಉಪಯೋಗ ಇಲ್ಲ.

ಡ್ರಮ್‌ಗೆ ಅಂತ ಮಾಡಿದ ಮಾಸ್ಟರ್ ಸಿಲಿಂಡರ್ ಡಿಸ್ಕ್‌ಗೆ ಆಗುವುದಿಲ್ಲ. ಅದರೊಳಗೆ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಡಿಸ್ಕ್ ಸಾಲಿನಲ್ಲಿ ಅದು ಇದ್ದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಎಣ್ಣೆ ಕೆಳಗಿಳಿಯುತ್ತದೆ. ಹಾಗಾಗಿ ಡಿಸ್ಕ್ ಬದಿಯ ಕೋಣೆ ದೊಡ್ಡದೂ ಇರಬೇಕು.

ಪುಶ್‌ರಾಡ್‌ನ ಒಂದೂವರೆ ಮಿಲಿಮೀಟರ್

ಇಲ್ಲಿ ಸ್ವಲ್ಪ ನಿಧಾನಿಸೋಣ. ಪೆಡಲ್‌ನಿಂದ ಸಿಲಿಂಡರ್ ಒಳಗೆ ಹೋಗುವ ಕಡ್ಡಿಯ ತುದಿಗೂ ಪಿಸ್ಟನ್‌ಗೂ ನಡುವೆ ಸುಮಾರು 1.5 ಮಿಮೀ ಜಾಗ ಇರಬೇಕು. ಪೆಡಲ್ ಹತ್ತಿರ ಅದು ಸುಮಾರು ಒಂದು ಸೆಂಟಿಮೀಟರ್ ಸಡಿಲವಾಗಿ ಗೊತ್ತಾಗುತ್ತದೆ. ಕಡ್ಡಿ ಉದ್ದವಾಗಿ ಆ ಜಾಗ ಇಲ್ಲದೇ ಹೋದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಎಣ್ಣೆ ಮೇಲಿನ ಕೋಣೆಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಗ್ಯಾರೇಜಿನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಆಗಸ್ಟ್‌ನ ಬಿಸಿಲಲ್ಲಿ, ಡೆಟ್ರಾಯಿಟ್‌ನ ಹಳೆ ಕಾರುಗಳ ಮೆರವಣಿಗೆಯಾದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನ ದಟ್ಟಣೆಯಲ್ಲಿ, ನಿಂತು ಹೊರಟು ನಿಂತು ಹೊರಟು ಎಣ್ಣೆ ಕಾದು ಹಿಗ್ಗುತ್ತದೆ. ಹೋಗಲು ಜಾಗ ಇಲ್ಲ. ಬ್ರೇಕ್ ತಾನಾಗಿ ಹಿಡಿಯಲು ಶುರು ಮಾಡುತ್ತದೆ, ಇನ್ನಷ್ಟು ಕಾಯುತ್ತದೆ, ಕೊನೆಗೆ ಕಾರು ರಸ್ತೆ ಮಧ್ಯೆ ಕದಲದೆ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಮುಚ್ಚಳ ತೆಗೆಯಿರಿ, ಕನ್ನಡಕ ಹಾಕಿಕೊಳ್ಳಿ. ಮನೆಯವರೊಬ್ಬರಿಗೆ ಪೆಡಲನ್ನು ಬಹಳ ಮೆತ್ತಗೆ ಒತ್ತಲು ಹೇಳಿ. ಪೆಡಲ್ ಕದಲಿದ ಮೊದಲ ಕ್ಷಣದಲ್ಲೇ ಎಣ್ಣೆಯ ಮೇಲೆ ಸಣ್ಣ ಚಿಲುಮೆ ಎದ್ದು ಅಲೆ ಬಂದರೆ ತೂತು ತೆರೆದಿದೆ ಅಂತ ಅರ್ಥ. ಏನೂ ಕದಲದಿದ್ದರೆ ಕಡ್ಡಿಯನ್ನು ಗಿಡ್ಡ ಮಾಡಿ. ಬ್ರೇಕ್ ಎಣ್ಣೆ ಪೇಂಟ್ ತಿನ್ನುತ್ತದೆ, ಹಾಗಾಗಿ ಫೆಂಡರ್ ಮೇಲೆ ಬಟ್ಟೆ ಹಾಸಿ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಿ.

ಪೈಪ್, ಎಣ್ಣೆ, ಗಾಳಿ ತೆಗೆಯುವುದು

ಮೂರು ರಬ್ಬರ್ ಹೋಸ್‌ಗಳನ್ನೂ ಬದಲಿಸಿ, ನೋಡಲು ಚೆನ್ನಾಗಿದ್ದರೂ ಸರಿ. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡ ಹೋಸ್ ಬ್ರೇಕನ್ನು ಬಿಡದೇ ಹಿಡಿದಿಡುತ್ತದೆ. ಲೋಹದ ಪೈಪ್‌ಗೆ ತಾಮ್ರ-ನಿಕ್ಕಲ್ ಮಿಶ್ರಣದ್ದು ಒಳ್ಳೆಯದು. ಕೈಯಲ್ಲೇ ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರದ ಪೈಪ್ ಮಾತ್ರ ಬೇಡವೇ ಬೇಡ. ಪೈಪ್ ತುದಿಗೆ ಡಬಲ್ ಫ್ಲೇರ್ (ಅಂಚನ್ನು ಎರಡು ಪದರವಾಗಿ ಮಡಚಿ ಅರಳಿಸುವುದು) ಮಾಡಿ, ಸಿಂಗಲ್ ಫ್ಲೇರ್ ಬ್ರೇಕ್ ಒತ್ತಡಕ್ಕೆ ಸೀಳುತ್ತದೆ.

ಎಣ್ಣೆ ಡಾಟ್ 3 ಅಥವಾ ಡಾಟ್ 4. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಕೋನ್ ಎಣ್ಣೆಯಾದ ಡಾಟ್ 5 ಅನ್ನು ಇವುಗಳ ಜೊತೆ ಬೆರೆಸಬಾರದು.

ಮಾಸ್ಟರ್ ಸಿಲಿಂಡರನ್ನು ಕಾರಿಗೆ ಹಾಕುವ ಮೊದಲು ಬೆಂಚ್ ವೈಸ್‌ನಲ್ಲಿ ಸಮತಟ್ಟಾಗಿ ಹಿಡಿದು, ಬಾಯಿಗಳಿಂದ ಸಣ್ಣ ಕೊಳವೆ ವಾಪಸ್ ಕೋಣೆಗೆ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತಿ. ಆಮೇಲೆ ಚಕ್ರಗಳಲ್ಲಿ ಗಾಳಿ ತೆಗೆಯುವುದು ದೂರದಿಂದ ಹತ್ತಿರಕ್ಕೆ: ಹಿಂದೆ ಬಲ, ಹಿಂದೆ ಎಡ, ಮುಂದೆ ಬಲ, ಮುಂದೆ ಎಡ. ಡಿಸ್ಕ್‌ನಲ್ಲಿ ಗಾಳಿ ಬಿಡುವ ಬ್ಲೀಡರ್ ಸ್ಕ್ರೂ ಕ್ಯಾಲಿಪರಿನ ಮೇಲ್ಭಾಗದಲ್ಲೇ ಇರಬೇಕು. ಕೆಳಗೆ ಬಂದಿದ್ದರೆ ಎಡ-ಬಲ ಅದಲುಬದಲಾಗಿದೆ, ಎಷ್ಟು ಒತ್ತಿದರೂ ಗಾಳಿ ಹೋಗುವುದಿಲ್ಲ.

ಹಿಂದಿನ ಸಾಲಿಗೆ, ತಿರುಗಿಸಿ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ಇಳಿಸುವ ವಾಲ್ವ್) ಹಾಕಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ, ಹೊರಗೆ ಒಬ್ಬರನ್ನು ನಿಲ್ಲಿಸಿ, ಗಂಟೆಗೆ 30 ಮೈಲಿಯಿಂದ ಜೋರಾಗಿ ಬ್ರೇಕ್ ಒತ್ತಿ. ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಹಿಂಬದಿ ಗರ್ರನೆ ಸುತ್ತುತ್ತದೆ. ಹಾಗಾಗದಂತೆ ಹಿಂದಿನ ಒತ್ತಡ ಇಳಿಸಿ.

ಡಿಸ್ಕ್ ಹಬ್ ಹಾಕುವಾಗ ಮುಂದಿನ ಬೇರಿಂಗ್ ಬಿಗಿತಕ್ಕೂ ಗಮನ ಕೊಡಿ. ಹಬ್ ತಿರುಗಿಸುತ್ತಲೇ ನಟ್ಟನ್ನು 17ರಿಂದ 25 ಪೌಂಡ್-ಅಡಿಗೆ ಬಿಗಿ ಮಾಡಿ, ಅರ್ಧ ಸುತ್ತು ಸಡಿಲಿಸಿ, ಮತ್ತೆ ಬೆರಳ ಬಿಗಿಗೆ ತಂದು ಹೊಸ ಕಾಟರ್ ಪಿನ್ ಹಾಕಿ.

ಮುಂದಿನ ಸಸ್ಪೆನ್ಷನ್: ಬಿಚ್ಚುವುದು

ಈ ಕಾರಿನ ಮುಂದಿನ ಸ್ಪ್ರಿಂಗ್ ಕೂರುವುದು ಮೇಲಿನ ಆರ್ಮ್ ಮೇಲೆ, ಶಾಕ್ ಟವರ್ ಒಳಗೆ. ಇದನ್ನು ತೆಗೆಯಲು ಈ ಕಾರಿಗೇ ಅಂತ ಮಾಡಿದ, ಟವರ್ ಮೇಲಿಂದ ಒಳಗಿಳಿಯುವ ಕಂಪ್ರೆಸರ್ ಬೇಕು. ಹೊರಗಿನಿಂದ ಕಚ್ಚುವ ಸಾಮಾನ್ಯ ಕ್ಲ್ಯಾಂಪ್‌ಗಳು ಇಲ್ಲಿ ಅಪಾಯ. ಒತ್ತಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುತ್ತದೆ, ತಲೆಗೆ ಬಡಿದರೆ ಜೀವ ಹೋಗಬಹುದು. ಟವರ್ ಮೇಲೆ ಮುಖ ಬಾಗಿಸಬೇಡಿ, ಇಂಪ್ಯಾಕ್ಟ್ ಗನ್ ಬಳಸಬೇಡಿ, ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಈ ಉಪಕರಣ ಬಳಸಿ ಅಭ್ಯಾಸ ಇಲ್ಲದಿದ್ದರೆ ಇದೊಂದು ಕೆಲಸ ಗೊತ್ತಿದ್ದವರ ಕೈಗೆ ಕೊಡಿ.

ಬಿಚ್ಚಿದ ಮೇಲೆ ಏನೇನು ಸವೆದಿದೆ ನೋಡಿ. ಕೆಳಗಿನ ಆರ್ಮ್‌ನ ರಬ್ಬರ್, ಸ್ಟ್ರಟ್ ರಾಡ್ (ಆ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕಡ್ಡಿ) ರಬ್ಬರ್, ಬಾಲ್ ಜಾಯಿಂಟ್, ಟೈ ರಾಡ್ ತುದಿಗಳು ಎಲ್ಲ ಹೋಗಿರುತ್ತವೆ ಅಂತಲೇ ಇಟ್ಟುಕೊಳ್ಳಿ. ಮೇಲಿನ ಆರ್ಮ್‌ನಲ್ಲಿ ರಬ್ಬರ್ ಇಲ್ಲ, ಒಳಗೆ ತಿರುಪಿನ ಗೆರೆ (ಥ್ರೆಡ್) ಇರುವ ಕಬ್ಬಿಣದ ಬುಷ್ ಇದೆ. ಗ್ರೀಸ್ ಕಾಣದೆ ಕೀಚ್ ಕೀಚ್ ಅನ್ನುವುದು ಅದೇ. ಬಿಡಿ ಭಾಗ ಹುಡುಕುವ ಬದಲು ಇಡೀ ಆರ್ಮ್ ಹೊಸದು ಕೊಳ್ಳಿ.

ಪಾಲಿಯುರಥೇನ್ ಬುಷ್ ಎಲ್ಲ ಕಡೆ ಒಳ್ಳೆಯದು ಅನ್ನುವ ನಂಬಿಕೆ ಇದೆ. ಸ್ಟ್ರಟ್ ರಾಡ್‌ಗೆ ಮಾತ್ರ ಬೇಡ. ಆ ರಾಡ್ ಮೇಲೆ ಕೆಳಗೆ ಆಡಬೇಕು. ಗಟ್ಟಿ ಪಾಲಿ ಅದನ್ನು ಆಡಲು ಬಿಡದೆ ಬಾಗಿಸುತ್ತದೆ, ದಿನ ಕಳೆದಂತೆ ರಾಡ್ ಮುರಿಯಬಹುದು. ರಬ್ಬರ್ ಹಾಕಿ, ಇಲ್ಲವೇ ಗೋಲಿ ಜಾಯಿಂಟ್ ಇರುವ ರಾಡ್ ಹಾಕಿ.

ಒಂದು ಇಂಚು ಕೆಳಗೆ

ಈಗ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಖರ್ಚು ಒಂದು ಡ್ರಿಲ್ ಬಿಟ್ ಮತ್ತು ಒಂದು ಟೆಂಪ್ಲೇಟ್. ಮೇಲಿನ ಆರ್ಮ್ ಟವರ್‌ಗೆ ಕೂರುವ ತೂತುಗಳನ್ನು 1 ಇಂಚು ಕೆಳಗೆ ಹೊಸದಾಗಿ ಕೊರೆಯುವುದು. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದರ ಲೆಕ್ಕ ಹಾಕಿದವರು. ಕ್ಯಾರಲ್ ಶೆಲ್ಬಿ ಮಸ್ಟಾಂಗನ್ನೇ ರೇಸಿಗೆ ಹದ ಮಾಡಿದ 1965ರ ಜಿಟಿ350 ಕಾರುಗಳಲ್ಲಿ ಇದು ಬಂತು, ಅದಕ್ಕೇ 'ಶೆಲ್ಬಿ ಡ್ರಾಪ್' ಅನ್ನುತ್ತಾರೆ. 1966ರಲ್ಲಿ ಖರ್ಚು ಉಳಿಸಲು ಶೆಲ್ಬಿಯವರೇ ಕೈಬಿಟ್ಟರು.

ಇದರಿಂದ ಏನಾಗುತ್ತದೆ? ಕಾರು ತಿರುವಿನಲ್ಲಿ ವಾಲಿದಾಗ ಹೊರಗಿನ ಚಕ್ರದ ಮೇಲೆ ಭಾರ ಬೀಳುತ್ತದೆ. ಫ್ಯಾಕ್ಟರಿ ಜಾಗದಲ್ಲಿ ಆರ್ಮ್ ಇದ್ದರೆ ಆ ಚಕ್ರದ ತಲೆ ಹೊರಕ್ಕೆ ವಾಲಿ, ಟೈರು ಹೊರ ಅಂಚಿನ ಮೇಲೆ ಓಡುತ್ತದೆ. ತೂತು ಇಳಿಸಿದರೆ ಚಕ್ರ ಮೇಲೆ ಹೋದಂತೆ ಅದರ ತಲೆ ಒಳಕ್ಕೆ ಎಳೆದುಕೊಳ್ಳುತ್ತದೆ, ಟೈರಿನ ಪೂರ್ತಿ ಅಗಲ ರಸ್ತೆ ಹಿಡಿಯುತ್ತದೆ. ರೋಲ್ ಸೆಂಟರ್ (ಕಾರು ವಾಲುವಾಗ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಮೇಲೇರುವುದರಿಂದ ವಾಲುವುದೂ ಕಡಿಮೆ. ಸವಾರಿಯ ಮೆತ್ತಗೆ ಮಾತ್ರ ಹಾಗೇ ಇರುತ್ತದೆ, ಏಕೆಂದರೆ ಸ್ಪ್ರಿಂಗ್ ಮುಟ್ಟಿಯೇ ಇಲ್ಲ. ಕಾರಿನ ಮೂತಿ ಅರ್ಧ ಇಂಚಿಗಿಂತ ತುಸು ಜಾಸ್ತಿ ತಗ್ಗುತ್ತದೆ, ನೋಡಲೂ ಚೆಂದ.

ಟೆಂಪ್ಲೇಟನ್ನು ಹಳೆ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸಿ. ಸೆಂಟರ್ ಪಂಚ್‌ನಿಂದ ಗುರುತು ಮಾಡಿ. ಮೊದಲು ಸಣ್ಣ ಬಿಟ್, ಹಂತ ಹಂತವಾಗಿ 17/32 ಇಂಚಿಗೆ ತನ್ನಿ. ಅಂಚು ಅರದಿಂದ ಉಜ್ಜಿ, ಪ್ರೈಮರ್ ಬಳಿಯಿರಿ. ಹಳೆ ತೂತು ಹಾಗೇ ಇರಲಿ, ಮುಂದೆ ಯಾರಾದರೂ ಮೂಲ ಸ್ಥಿತಿಗೆ ತರಬೇಕೆಂದರೆ ತರಬಹುದು. ಆರ್ಮ್ ಕೂರಿಸಿ ಸ್ಪ್ರಿಂಗ್ ಹಾಕುವ ಮೊದಲು ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟು ಬಾಲ್ ಜಾಯಿಂಟ್ ಎಲ್ಲೂ ಬಿಗಿಯುತ್ತಿಲ್ಲ ಅಂತ ನೋಡಿ. ಒಂದು ಇಂಚಿಗಿಂತ ಜಾಸ್ತಿ ಇಳಿಸಬೇಕೆಂದರೆ ಬಾಲ್ ಜಾಯಿಂಟ್‌ಗೆ ಬೆಣೆ ಕಿಟ್ ಬೇಕಾಗುತ್ತದೆ. ಬೀದಿ ಕಾರಿಗೆ ಒಂದಿಂಚು ಸಾಕು.

ಸ್ಪ್ರಿಂಗ್, ಶಾಕ್, ಹಿಂಬದಿ

ಕಾರನ್ನು 1 ಇಂಚು ತಗ್ಗಿಸುವ 620 ಪೌಂಡಿನ (ಅಂದರೆ ಒಂದು ಇಂಚು ಕುಗ್ಗಿಸಲು 620 ಪೌಂಡ್ ಬಲ ಬೇಕಾದ) ಸ್ಪ್ರಿಂಗ್ ಬಹಳ ಜನ ಹಾಕುತ್ತಾರೆ. ಸಂಖ್ಯೆ ಕೇಳಿ ಹೆದರಬೇಡಿ. ಸ್ಪ್ರಿಂಗ್ ಆರ್ಮ್‌ನ ನಡುವೆ ಕೂತಿದೆ, ಚಕ್ರ ಇರುವುದು ಆರ್ಮ್‌ನ ತುದಿಯಲ್ಲಿ. ಸರಿಯಾಗಿ ಅರ್ಧ ದೂರದಲ್ಲಿ ಕೂತರೆ ಚಕ್ರಕ್ಕೆ ಸಿಗುವ ಗಡಸು ನಾಲ್ಕನೇ ಒಂದು ಪಾಲು ಮಾತ್ರ. ಆದರೂ ವಾರಾಂತ್ಯಕ್ಕೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಾದರೆ 480 ಅಥವಾ 560ರದ್ದು ಹಿತ. ಸ್ಪ್ರಿಂಗ್ ಕೆಳಗೆ ಅದು ಕೂರುವ ಪೀಠ, ಅಂದರೆ ಪರ್ಚ್, ರಬ್ಬರ್ ಬುಷ್‌ನದ್ದು, ಬಿಗಿಯಾಗಿ ತಿರುಚಿಕೊಳ್ಳುತ್ತದೆ. ಬೇರಿಂಗ್ ಇರುವ ರೋಲರ್ ಪರ್ಚ್ ಹಾಕಿದರೆ ಸಣ್ಣ ಗುಂಡಿಗಳಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮುಂದೆ 1 ಇಂಚಿನ ಆಂಟಿ ರೋಲ್ ಬಾರ್, ಎರಡು ಟವರ್‌ಗಳನ್ನು ಫೈರ್‌ವಾಲ್‌ಗೆ ಬಿಗಿಯುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್, ಇವೆರಡೂ ದುಡ್ಡಿಗೆ ಮೋಸವಿಲ್ಲ. ಹಿಂದಕ್ಕೆ ದಪ್ಪ ಬಾರ್ ಬೇಡ. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರುತ್ತದೆ.

ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಬಗ್ಗಿ ಚಪ್ಪಟೆಯಾಗಿದ್ದರೆ ಹೊಸದು, ಜೊತೆಗೆ ಹೊಸ ಯು-ಬೋಲ್ಟ್. ಮುಂಗಣ್ಣಿನ ಬೋಲ್ಟ್ ಬುಷ್ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಹಿಂದಿನ ದಿನವೇ ತುಕ್ಕಿನ ಎಣ್ಣೆ ಹಾಕಿ ಬಿಡಿ. ಶಾಕ್‌ಗೆ ದುಡ್ಡು ಉಳಿಸಬೇಡಿ. ಜಿಟಿ350ಕ್ಕೆ ಆಗಲೇ ಕೋನಿ ಶಾಕ್ ಹಾಕಿದ್ದರು. ಗಟ್ಟಿ ಸ್ಪ್ರಿಂಗ್‌ಗೆ ಅಗ್ಗದ ಶಾಕ್ ಹಾಕಿದರೆ ಕಾರು ಕುಣಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಒಂದಿದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಬೋಲ್ಟ್ ಬುಷ್‌ನ ಒಳ ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ, ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಕಾರಿನ ಎತ್ತರ ತಪ್ಪುತ್ತದೆ, ಬುಷ್ ಬೇಗ ಹರಿಯುತ್ತದೆ. ಕಾರನ್ನು ಚಕ್ರದ ಮೇಲೆ ಇಳಿಸಿ, ನಾಲ್ಕು ಸಲ ಒತ್ತಿ ಕುಲುಕಿಸಿ, ಆಮೇಲೆ ಬಿಗಿ ಕೊಡಿ. ಕೆಳಗಿನ ಆರ್ಮ್ ಮತ್ತು ಲೀಫ್ ಸ್ಪ್ರಿಂಗ್ ಕಣ್ಣು, ಎರಡಕ್ಕೂ ಇದೇ ಮಾತು.

ಅಲೈನ್‌ಮೆಂಟ್ ಮತ್ತು ಮೊದಲ ಓಟ

ಅಂಗಡಿಯವರ ಕಂಪ್ಯೂಟರಿನಲ್ಲಿ 1965ರ ಸಂಖ್ಯೆಗಳಿರುತ್ತವೆ. ಅವು ಆ ಕಾಲದ ಬಯಾಸ್ ಪ್ಲೈ ಟೈರಿಗೆ. ರೇಡಿಯಲ್‌ಗೆ ಬೇರೆ ಬೇಕು. ಒಂದು ಚೀಟಿಯಲ್ಲಿ ಬರೆದು ಕೊಡಿ: ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದು-ಮುಂದಿನ ವಾಲು) ಪ್ಲಸ್ 2ರಿಂದ 3 ಡಿಗ್ರಿ, ಕ್ಯಾಂಬರ್ (ಚಕ್ರದ ತಲೆಯ ಒಳ-ಹೊರ ವಾಲು) ಮೈನಸ್ ಅರ್ಧ ಡಿಗ್ರಿ, ಟೋ (ಚಕ್ರಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವ ಅಳತೆ) ಒಳಕ್ಕೆ 1/8 ಇಂಚು. 65-66ರಲ್ಲಿ ಹೊಂದಿಸುವುದು ಮೇಲಿನ ಆರ್ಮ್ ಹಿಂದಿನ ತೆಳು ಶಿಮ್‌ಗಳಿಂದ. ಶಿಮ್ ಹಾಕಿ ತೆಗೆಯಲು ತಾಳ್ಮೆ ಇರುವ ಹಳೆ ಕೈಯ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ.

ಮೊದಲ ಓಟ ಮನೆ ಮುಂದಿನ ಬೀದಿಯಲ್ಲೇ, ನಡೆಯುವ ವೇಗದಲ್ಲಿ. ಬ್ರೇಕ್ ಲೈಟ್ ಉರಿಯುತ್ತಾ ನೋಡಿ. ಪೆಡಲ್ ಗಟ್ಟಿ ಇದ್ದರೆ ಖಾಲಿ ರಸ್ತೆಗೆ ಹೋಗಿ, ಪ್ಯಾಡ್ ತಯಾರಿಸಿದವರು ಹೇಳಿದ ಕ್ರಮದಲ್ಲಿ ಪ್ಯಾಡ್ ಹದ ಮಾಡಿ. ಸಾಮಾನ್ಯವಾಗಿ 30 ಮೈಲಿಯಿಂದ 5ಕ್ಕೆ ಹಲವು ಸಲ ಇಳಿಸಿ, ನಡುನಡುವೆ ತಣಿಯಲು ಬಿಡಬೇಕು. ಪೂರ್ತಿ ನಿಲ್ಲಿಸಿ ಕಾಲು ಒತ್ತಿಟ್ಟುಕೊಂಡು ಕೂರಬೇಡಿ. ವಾಪಸ್ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಎಳೆಯುತ್ತಿದೆ.

ಈ ಕಾರುಗಳಿಗೆ ಫ್ಯಾಕ್ಟರಿಯಿಂದ ಬಂದದ್ದು ಬರೀ ಸೊಂಟದ ಬೆಲ್ಟ್. ಇಷ್ಟು ಜೋರಾಗಿ ನಿಲ್ಲುವ ಕಾರಿಗೆ ಭುಜದ ಬೆಲ್ಟೂ ಹಾಕಿಸಿ.

50 ಮೈಲಿ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಸುಮಾರು 85 ಪೌಂಡ್-ಅಡಿಗೆ ಬಿಗಿ ನೋಡಿ. ಯು-ಬೋಲ್ಟ್, ಮೇಲಿನ ಆರ್ಮ್ ನಟ್ಟು, ಸ್ಟ್ರಟ್ ರಾಡ್ ನಟ್ಟು ಕೂಡ. ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿ. ಬೆಳಗ್ಗೆ ರಟ್ಟಿನ ಮೇಲೆ ಯಾವ ಚಕ್ರದ ಹತ್ತಿರವೂ ಹನಿ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್‌ನ ಎರಡೂ ಕೋಣೆಯಲ್ಲಿ ಎಣ್ಣೆ ಅದೇ ಗೆರೆಯಲ್ಲಿ ಇದ್ದರೆ, ಕಾರನ್ನು ಹೈವೇಗೆ ಇಳಿಸಬಹುದು.